ಲಿನಕ್ಸ್ ಸ್ಥಾಪನೆ ಕೈಗೂಡದಿದ್ದಾಗ ಮಾಡತಕ್ಕದ್ದು



1966ರಲ್ಲಿ ನೆಲೆಗೊಂಡ ಮುಂಡಗೋಡದ ಟಿಬೆಟನ್ ಕಾಲೊನಿಯ ಮನೆಯೊಂದನ್ನು ಭಾವಿಸಿಕೊಳ್ಳಿರಿ. ಟಿಬೆಟನ್, ಕನ್ನಡ ಎರಡೂ ಲಿಪಿಗಳಲ್ಲಿ ಬರೆಯಬೇಕೆಂದು ಅಲ್ಲಿಯ ಹುಡುಗಿಯು ಹಳೆಯ ಕಂಪ್ಯೂಟರಿನಲ್ಲಿ, ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು ಸ್ಥಾಪಿಸತೊಡಗಿದಳು, ಅದು ಕೈಗೂಡಲಿಲ್ಲ. ಅದೇ ಡಿಸ್ಕಿನಲ್ಲಿ ಅಜ್ಜಿಯ ಚಿತ್ರಗಳಿವೆ. ಈಗ ಆಕೆಯು ಮಾಡತಕ್ಕದ್ದೇನು?

ಬೇಸತ್ತು ಡಿಸ್ಕನ್ನೆಲ್ಲ ಅಳಿಸಲೇಬಾರದು. ಕೆಲಸವು ಎಲ್ಲಿ ನಿಂತಿತೆಂಬುದೇ ದೋಷದ ಗುರುತು.

ಪೆನ್‌ಡ್ರೈವಿನಿಂದ ಯಂತ್ರವು ಆರಂಭವಾಗದಿದ್ದರೆ, ಇಳಿಸಿಕೊಂಡ ಕಡತದ ಚೆಕ್‌ಸಮ್ಮನ್ನು ಪ್ರಕಟವಾದುದರೊಡನೆ ಹೋಲಿಸಬೇಕು. ಭಿನ್ನವಾದರೆ ಕಡತವೇ ಕೆಟ್ಟಿದೆ. ಸರಿಯಿದ್ದರೆ ಬೂಟ್ ಕ್ರಮವನ್ನೂ ಸೆಕ್ಯೂರ್ ಬೂಟನ್ನೂ ಪರೀಕ್ಷಿಸಬೇಕು. ಆರಂಭವಾದ ಮೇಲೆ ಪರದೆಯು ಕಪ್ಪಾದರೆ ದೋಷವು ಪ್ರಾಯಶಃ ಗ್ರಾಫಿಕ್ಸ್ ಡ್ರೈವರಿನದು; ಪಟ್ಟಿಯಲ್ಲಿ ಸೇಫ್ ಗ್ರಾಫಿಕ್ಸ್ ಇದ್ದರೆ ಅದನ್ನು ಆರಿಸಬೇಕು. ಸ್ಥಾಪನೆ ಮುಗಿದ ಬಳಿಕವೂ ವಿಂಡೋಸೇ ತೆರೆದರೆ, ಒಂದು ಯುಇಎಫ್‌ಐ ವಿಧಾನದಲ್ಲಿಯೂ ಮತ್ತೊಂದು ಲೆಗಸಿ ವಿಧಾನದಲ್ಲಿಯೂ ಸ್ಥಾಪಿತವಾಗಿದೆಯೋ ಎಂದು ನೋಡಬೇಕು.

ಲಿನಕ್ಸನ್ನು ಸ್ಥಾಪಿಸದೆ ಪೆನ್‌ಡ್ರೈವಿನಿಂದಲೇ ನಡೆಸಲೂಬಹುದು. ಆದಕಾರಣ ಅದು ತೆರೆದೊಡನೆ, ಮರುಪ್ರಯತ್ನಕ್ಕೆ ಮುಂಚೆ, ಚಿತ್ರಗಳನ್ನು ಬೇರೊಂದು ಡಿಸ್ಕಿಗೆ ನಕಲಿಸತಕ್ಕದ್ದು.

ಒಮ್ಮೆಗೆ ಒಂದನ್ನೇ ಬದಲಿಸಿರಿ. ಬದಲಿಸಿದ್ದನ್ನು ಕಾಗದದಲ್ಲಿ ಬರೆದಿಡಿರಿ. ಲಿನಕ್ಸನ್ನು ನಾಳೆಯೂ ಸ್ಥಾಪಿಸಬಹುದು. ಅಳಿದ ಚಿತ್ರವು ಮರಳಿ ದೊರೆಯುವುದೆಂಬ ಭರವಸೆಯಿಲ್ಲ.