ಲೆಕ್ಕ ಊರಿಗೂ ಬರಲಿ

ಆವರಗೆರೆ ಮೊದಲು ದಾವಣಗೆರೆಯ ಮಗ್ಗುಲಿನ ಹಳ್ಳಿ, ಈಗ ಊರೊಳಗೇ ಸೇರಿಹೋಗಿದೆ. ನಾನು ಇಲ್ಲೇ ಇದ್ದುಕೊಂಡು ದಾವಣಗೆರೆ, ಹರಿಹರದ ಶಾಲೆ, ಅಂಗನವಾಡಿ, ನೀರಿನ ಘಟಕಗಳಿಗೆ ಕಂಪನಿಗಳ ಸಿಎಸ್‌ಆರ್ (ಕಾರ್ಪೊರೇಟ್ ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಕೆಲಸ ಮಾಡಿಸುತ್ತ ಬಂದವನು. ಕಂಪನಿ ಹಣ ಕೊಡುತ್ತದೆ, ನಮ್ಮಂಥ ಸಂಸ್ಥೆ ಕೆಲಸ ಮಾಡಿಸುತ್ತದೆ, ಊರು ಬಳಸಿಕೊಳ್ಳುತ್ತದೆ. ಲೆಕ್ಕ ಮಾತ್ರ ನಮ್ಮಿಂದ ಕಂಪನಿಗೆ, ಕಂಪನಿಯಿಂದ ಸರ್ಕಾರಕ್ಕೆ ಹೋಗುತ್ತದೆ. ಊರಿನ ಕಡೆ ಅದು ತಿರುಗಿಯೂ ನೋಡುವುದಿಲ್ಲ. ಈ ಕೆಲಸ ಕೆಟ್ಟ ಕಡೆಯಲ್ಲೆಲ್ಲ ಬಹುಪಾಲು ಕೆಟ್ಟಿದ್ದು ಇದೇ ಕಾರಣಕ್ಕೆ. ಹೊಸದಾಗಿ ಈ ಕ್ಷೇತ್ರಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗಾಗಿ ಕೆಲವು ಮಾತು ಬರೆದಿಡುತ್ತಿದ್ದೇನೆ.

1. ಇದು ದಾನವಲ್ಲ, ಕೈ ಮುಗಿದು ನಿಲ್ಲಬೇಕಿಲ್ಲ

ದಾನ ನಮ್ಮೂರಿಗೆ ಹೊಸದಲ್ಲ. ಜಿಲ್ಲಾ ಆಸ್ಪತ್ರೆಗೆ ಇವತ್ತಿಗೂ ಚಿಗಟೇರಿ ಮನೆತನದ ಹೆಸರಿದೆ, ರಾಜನಹಳ್ಳಿ ಮನೆತನದವರ ಛತ್ರ ಊರಿಗೆಲ್ಲ ಗೊತ್ತು. ದಾನಿ ತನ್ನ ದುಡ್ಡನ್ನು ತನ್ನ ಮನಸ್ಸಿಗೆ ಬಂದದ್ದಕ್ಕೆ ಕೊಡುತ್ತಾನೆ. ಅವನನ್ನು ಯಾಕೆ, ಎಷ್ಟು ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ.

ಸಿಎಸ್‌ಆರ್ ಹಾಗಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಿಂದಿನ ವರ್ಷ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ 2ರಷ್ಟನ್ನಾದರೂ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ ಯಾವ ಕೆಲಸ ಎಂಬುದು ಕಾಯ್ದೆಯ 7ನೇ ಷೆಡ್ಯೂಲಿನಲ್ಲಿದೆ. 2021ರ ಜನವರಿಯಲ್ಲಿ ನಿಯಮ ಬಿಗಿಯಾದ ಮೇಲೆ ಖರ್ಚಾಗದೆ ಉಳಿದ ಹಣವನ್ನು ಕಂಪನಿ ತನ್ನ ಬಳಿ ಇಟ್ಟುಕೊಳ್ಳುವಂತೆಯೂ ಇಲ್ಲ.

ಅಂದಮೇಲೆ ಸರ್ಕಾರಿ ಶಾಲೆಯ ಹೆಡ್‌ಮಾಸ್ತರು ಕಂಪನಿಯ ಅಧಿಕಾರಿಯ ಮುಂದೆ ತಲೆ ತಗ್ಗಿಸಿ ಕೂರುವ ಅಗತ್ಯವಿಲ್ಲ. ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ ಹಾರ ತುರಾಯಿ ಹಿಡಿಸುವ ಉದ್ಘಾಟನೆಗಳನ್ನು ಕಂಡಾಗ ನನಗೆ ಈಗಲೂ ಸಂಕಟವಾಗುತ್ತದೆ. ಕಾನೂನಿನ ಪ್ರಕಾರ ಸಲ್ಲಬೇಕಾದ್ದು ಸಂದಿದೆ, ಅಷ್ಟೆ.

2. ಸಿಎಸ್‌ಆರ್ ಹಣದಿಂದ ಕಾರ್ಖಾನೆಯ ತಪ್ಪು ತೊಳೆಯಲಾಗದು

ಹರಿಹರದಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಕುಮಾರಪಟ್ಟಣ. ಈಗ ಅದು ಹಾವೇರಿ ಜಿಲ್ಲೆ, ಆಗ ಧಾರವಾಡ ಜಿಲ್ಲೆ. ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಅಲ್ಲಿ ಎಪ್ಪತ್ತರ ದಶಕದಿಂದ ಮರದ ತಿರುಳು ತಯಾರಿಸುತ್ತಿದೆ. ಎಂಬತ್ತರ ದಶಕದಲ್ಲಿ ನದಿಯಲ್ಲಿ ಮೀನು ಸತ್ತು ತೇಲಿದಾಗ ಕಾರ್ಖಾನೆಯ ನೀರೇ ಕಾರಣ ಎಂದು ದಂಡೆಯ ಊರಿನವರು ದೂರಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಆ ಜನರ ಬೆನ್ನಿಗೆ ನಿಂತಿತು.

ಅದೇ ಹೊತ್ತಿಗೆ ಇನ್ನೊಂದು ವಿಷಯ ಎದ್ದಿತು. ರಾಜ್ಯ ಸರ್ಕಾರ ಮತ್ತು ಕಂಪನಿ 1984ರಲ್ಲಿ ಜಂಟಿಯಾಗಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪಿಸಿದವು. ಕಾರ್ಖಾನೆಗೆ ಮರ ಒದಗಿಸಲು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯಂಥ ಮರ ಬೆಳೆಸುವ ಯೋಜನೆ ಅದು. ಕಾಗದದ ಮೇಲೆ ಪಾಳು ಜಮೀನಾಗಿದ್ದದ್ದು ಜನರ ಪಾಲಿಗೆ ದನ ಮೇಯಿಸುವ, ಸೌದೆ ಸೊಪ್ಪು ತರುವ ಜಾಗವಾಗಿತ್ತು. 1987ರ ನವೆಂಬರ್ 14ರಂದು ಹಾನಗಲ್ ಕಡೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹ ಎಂದೇ ಅದು ಹೆಸರಾಯಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು, ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಆ ಜಂಟಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು.

ಆಗ ಸಿಎಸ್‌ಆರ್ ಕಾನೂನು ಇರಲಿಲ್ಲ. ಆದರೆ ನಾನು ಯಾವ ತರಬೇತಿಗೆ ಹೋದರೂ ಈ ಕಥೆಯಿಂದಲೇ ಶುರು ಮಾಡುತ್ತೇನೆ. ಆ ಜಮೀನಿನ ಮೇಲೆ ಬದುಕುತ್ತಿದ್ದವರನ್ನು ಮೊದಲೇ ಕೂರಿಸಿಕೊಂಡು ಕೇಳಿದ್ದರೆ ಹಳ್ಳಿ ಒಂದು ಕಡೆ, ಕಂಪನಿ ಒಂದು ಕಡೆ ನಿಲ್ಲುವ ಪರಿಸ್ಥಿತಿ ಬರುತ್ತಿರಲಿಲ್ಲ. ಇನ್ನೊಂದು ವಿಷಯ ಈಗ ನಿಯಮದಲ್ಲೇ ಇದೆ: ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದ ಕೆಲಸವನ್ನು ಸಿಎಸ್‌ಆರ್ ಎಂದು ತೋರಿಸುವಂತಿಲ್ಲ. ತ್ಯಾಜ್ಯ ನೀರು ಶುದ್ಧೀಕರಿಸುವ ಘಟಕ ಕಾರ್ಖಾನೆಯ ಕರ್ತವ್ಯ, ಸಮಾಜ ಸೇವೆಯಲ್ಲ. ಯಾರಾದರೂ ಕಾರ್ಖಾನೆಯ ಪಕ್ಕ ಪಾರ್ಕು ಮಾಡಿಸೋಣ ಎಂದು ಬಂದರೆ ನಾನು ಮೊದಲು ಅಲ್ಲಿನ ಚರಂಡಿ ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಕೇಳುತ್ತೇನೆ.

3. ಮೊದಲ ಸಲ ಹೋಗುವಾಗ ಯೋಜನೆ ಒಯ್ಯಬೇಡಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಆರೋಗ್ಯ ಶಿಬಿರ ಮಾಡಬೇಕೆಂದು ಒಂದು ಕಂಪನಿ ನಿಗದಿ ಮಾಡಿಕೊಂಡು ಬಂದಿತ್ತು. ಬೆಳಿಗ್ಗೆ ಹತ್ತು ಗಂಟೆ, ಶಾಮಿಯಾನ, ಕಣ್ಣಿನ ಡಾಕ್ಟರು, ಬ್ಯಾನರು ಎಲ್ಲ ತಯಾರು. ಅದಕ್ಕೆ ಮೊದಲು ಒಮ್ಮೆ ಭಟ್ಟಿಗೆ ಹೋಗಿ ಬರೋಣ ಎಂದು ಅವರ ಅಧಿಕಾರಿಯನ್ನು ಕರೆದುಕೊಂಡು ಹೋದೆ. ಕಾದ ಮರಳಿನಲ್ಲಿ ಅಕ್ಕಿ ಅರಳುತ್ತಿತ್ತು, ಜಾಲರಿಯಲ್ಲಿ ಮರಳು ಸೋಸುತ್ತಿದ್ದ ಹಿರಿಯಾಕೆ ಕೈ ನಿಲ್ಲಿಸದೆಯೇ ಮಾತಾಡಿದರು. "ಒಲಿ ಹಚ್ಚಿದ ಮ್ಯಾಲೆ ಬಿಟ್ಟು ಬರಾಕಾಗಲ್ಲ ಸರ್. ಸಂಜೀಕ ಇಟ್ಟರ ಬರ್ತೀವಿ. ಕಣ್ಣಿಂದು ಇರ್ಲಿ, ಈ ಹೊಗೀಗೆ ಏನರ ಮಾಡಾಕ ಬರ್ತೈತೇನು ನೋಡ್ರಿ."

ಶಿಬಿರ ಸಂಜೆಗೆ ಬದಲಾಯಿತು, ಕಣ್ಣಿನ ಜೊತೆ ಎದೆ ಪರೀಕ್ಷಿಸುವ ವೈದ್ಯರೂ ಬಂದರು. ಹೊಗೆಗೆ ಚಿಮಣಿ ಹಾಕಿಸುವ ಮಾತಿಗೆ ಭಟ್ಟಿ ಮಾಲೀಕರನ್ನೂ ಕೂರಿಸಬೇಕಾಯಿತು. ಅದು ನಿಧಾನದ ಕೆಲಸ, ಒಂದು ವರ್ಷದ ಬಜೆಟ್ಟಿನಲ್ಲಿ ಮುಗಿಯುವಂಥದ್ದಲ್ಲ. ನಿಯಮದಲ್ಲಿ ಅದಕ್ಕೂ ದಾರಿ ಇದೆ. ಆರಂಭದ ವರ್ಷ ಬಿಟ್ಟು ಮೂರು ವರ್ಷದವರೆಗೆ ನಡೆಯುವ ಯೋಜನೆ ಎಂದು ಆಡಳಿತ ಮಂಡಳಿ ಮೊದಲೇ ಒಪ್ಪಿಕೊಂಡರೆ ಉಳಿದ ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿ ಮುಂದುವರಿಸಬಹುದು. ಹೀಗೆ ಮಂಜೂರಾದದ್ದು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ, ಯಾಕೆಂದರೆ ಒಂದೇ ದಿನದ ಶಿಬಿರಕ್ಕೆ ಫೋಟೊ ಸಿಗುತ್ತದೆ.

4. ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ?

ಇದೊಂದು ಪ್ರಶ್ನೆಗೆ ಉತ್ತರ ಸಿಗದೆ ನಾನು ಯಾವ ಅಂದಾಜು ಪಟ್ಟಿಗೂ ಸಹಿ ಹಾಕುವುದಿಲ್ಲ.

ಜಗಳೂರು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಕಾಟ, ಹೀಗಾಗಿ ಜಿಲ್ಲೆಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಬೇಡಿಕೆ ಹೆಚ್ಚು. ಕಂಪನಿಗಳಿಗೂ ಅದು ಇಷ್ಟ. ಒಂದು ಶೆಡ್ಡು, ಸ್ಟೀಲ್ ಟ್ಯಾಂಕು, ಕಾಯಿನ್ ಹಾಕುವ ಪೆಟ್ಟಿಗೆ, ಮೇಲೆ ದೊಡ್ಡ ಬೋರ್ಡು, ಮೂರು ತಿಂಗಳಲ್ಲಿ ಕೆಲಸ ಮುಗಿಯುತ್ತದೆ. ಕಥೆ ಶುರುವಾಗುವುದು ಆಮೇಲೆ. ನೀರು ಸೋಸುವ ಮೆಂಬ್ರೇನ್ ಕಟ್ಟಿಕೊಳ್ಳುತ್ತದೆ, ಬದಲಾಯಿಸಲು ಸಾವಿರಾರು ರೂಪಾಯಿ ಬೇಕು. ಕಾಯಿನ್ ಪೆಟ್ಟಿಗೆ ಕೈ ಕೊಡುತ್ತದೆ. ಮೀಟರು ಗುತ್ತಿಗೆದಾರನ ಹೆಸರಿನಲ್ಲೇ ಉಳಿದಿರುತ್ತದೆ, ಬಿಲ್ ಬಾಕಿ ಬಿದ್ದು ಬೆಸ್ಕಾಂನವರು ಫ್ಯೂಸ್ ತೆಗೆಯುತ್ತಾರೆ. ಶುದ್ಧ ನೀರು ಒಂದು ಕೊಡ ಬಂದರೆ ಅದರ ಜೊತೆಗೇ ಉಪ್ಪು ನೀರು ಹೊರಬೀಳುತ್ತದೆ. ಅದಕ್ಕೆ ಜಾಗ ಯಾರೂ ಯೋಚಿಸಿರುವುದಿಲ್ಲ, ಪಕ್ಕದ ಮನೆಯ ಗೋಡೆ ಕೆಳಗೆ ನಿಂತು ಜಗಳವಾಗುತ್ತದೆ. ಹೀಗೆ ನಿಂತುಹೋಗಿದ್ದ ಒಂದು ಘಟಕದ ಮುಂದೆ ಅಜ್ಜಿಯೊಬ್ಬರು, "ಬೋರ್ಡು ಚೆಂದೈತಪ್ಪ, ನೀರ ಬರಂಗಿಲ್ಲ" ಎಂದಿದ್ದರು.

ಈಗ ನಾವು ಮಾಡುವುದು ಇಷ್ಟು. ಮೀಟರು ಪಂಚಾಯ್ತಿ ಅಥವಾ ಪಾಲಿಕೆಯ ಹೆಸರಿಗೆ ಬಂದ ಮೇಲೆಯೇ ಕೊನೆಯ ಕಂತು ಬಿಡುಗಡೆ. ನೀರಿನ ದುಡ್ಡು ಸ್ತ್ರೀಶಕ್ತಿ ಸಂಘದ ಖಾತೆಗೆ, ಅದರಲ್ಲಿ ಒಂದು ಪಾಲು ಮೆಂಬ್ರೇನಿಗೆಂದು ತೆಗೆದಿಡಬೇಕು. ಕೊಡಕ್ಕೆ ಎಷ್ಟು ಎಂಬುದನ್ನು ಅಲ್ಲಿನ ಹೆಂಗಸರೇ ಕೂತು ಲೆಕ್ಕ ಹಾಕಬೇಕು. ಪುಕ್ಕಟೆ ಕೊಡಿ ಎನ್ನುವವರು ಬಂದೇ ಬರುತ್ತಾರೆ, ಅವರಿಗೆ ವರ್ಷದ ಖರ್ಚಿನ ಪಟ್ಟಿ ತೋರಿಸುತ್ತೇವೆ.

5. ಆಸ್ತಿ ಯಾರ ಹೆಸರಿನಲ್ಲಿ?

ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಶುರುವಾದ ಕಾರ್ಖಾನೆ. ಇಲ್ಲಿನ ಲೇತ್ ಯಂತ್ರಗಳು ದೇಶವೆಲ್ಲ ಓಡಾಡಿದವು. ಈ ಶತಮಾನದ ಆರಂಭದ ಹೊತ್ತಿಗೆ ಕಾರ್ಖಾನೆ ಬಾಗಿಲು ಹಾಕಿತು, ಸಾವಿರಾರು ಮನೆಗಳ ಒಲೆಗೆ ಪೆಟ್ಟು ಬಿತ್ತು. ಆದರೆ ಎಂಕೆಇಟಿ (ಮೈಸೂರು ಕಿರ್ಲೋಸ್ಕರ್ ಎಜುಕೇಷನ್ ಟ್ರಸ್ಟ್) ಎಂದು ಜನ ಕರೆಯುವ ಶಾಲೆ ಮುಚ್ಚಲಿಲ್ಲ. ಶಾಲೆ ಪ್ರತ್ಯೇಕ ಟ್ರಸ್ಟಿನ ಕೈಯಲ್ಲಿದ್ದದ್ದು ದೊಡ್ಡ ಸಂಗತಿ. ಇವತ್ತಿನ ನಿಯಮವೂ ಇದನ್ನೇ ಹೇಳುತ್ತದೆ: ಸಿಎಸ್‌ಆರ್ ಹಣದಲ್ಲಿ ಆದ ಕಟ್ಟಡ, ಯಂತ್ರ ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ. ನೋಂದಾಯಿತ ಟ್ರಸ್ಟು ಅಥವಾ ಸಂಘ, ಫಲಾನುಭವಿಗಳ ಸ್ವಸಹಾಯ ಗುಂಪು, ಇಲ್ಲವೇ ಸರ್ಕಾರಿ ಸಂಸ್ಥೆಯ ಹೆಸರಿಗೆ ಆಗಬೇಕು. ಶಾಲೆಗೆ ಕೊಟ್ಟ ಕಂಪ್ಯೂಟರು ದಾಸ್ತಾನು ಪುಸ್ತಕದಲ್ಲಿ ಏರಿತೇ ಎಂದು ನೋಡಿಕೊಳ್ಳಿ. ಏರದಿದ್ದರೆ ಹೆಡ್‌ಮಾಸ್ತರು ವರ್ಗವಾದ ದಿನವೇ ಅದು ಅನಾಥ.

6. ಮೂರು ಕೊಟೇಷನ್, ಒಂದೇ ಕಾಗುಣಿತ

ಖರೀದಿಯಲ್ಲಿ ಮೂರು ಕೊಟೇಷನ್ ತರಿಸುವುದು ರೂಢಿ. ಒಮ್ಮೆ ಬೆಂಚು ಡೆಸ್ಕಿಗೆ ಬಂದ ಮೂರನ್ನೂ ಮೇಜಿನ ಮೇಲೆ ಹರಡಿಕೊಂಡೆ. ಮೂರು ಬೇರೆ ಲೆಟರ್‌ಹೆಡ್, ಮೂರು ಬೇರೆ ಸೀಲು, ಮೂರರಲ್ಲೂ 'ಪೀಠೋಪಕರಣ' ಎಂಬ ಪದದಲ್ಲಿ ಒಂದೇ ತಪ್ಪು. ಒಂದೇ ಕಂಪ್ಯೂಟರಿನಲ್ಲಿ ಟೈಪಾದವು ಎನ್ನಲು ಇನ್ನೇನು ಸಾಕ್ಷಿ ಬೇಕು? ಎಲ್ಲವನ್ನೂ ವಾಪಸ್ ಕಳಿಸಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಇಬ್ಬರು ತಾಯಂದಿರನ್ನು ಕರೆದುಕೊಂಡು ನಾವೇ ಅಂಗಡಿಗಳಿಗೆ ಹೋದೆವು. ಡೆಸ್ಕಿನ ಕೆಳಗೆ ಕೈ ಹಾಕಿ ಹಲಗೆಯ ದಪ್ಪ ನೋಡಿದ್ದು ಅವರೇ.

ಸಂಸ್ಥೆಯನ್ನು ಆರಿಸುವಾಗಲೂ ಇದೇ ಎಚ್ಚರ ಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಇಲ್ಲದ ಸಂಸ್ಥೆಗೆ ಹಣ ಕೊಡುವಂತಿಲ್ಲ. ಆದರೆ ಸಂಖ್ಯೆ ಇದ್ದ ಮಾತ್ರಕ್ಕೆ ಆಗಲಿಲ್ಲ. ನಿರ್ದೇಶಕರ ನೆಂಟರು ಟ್ರಸ್ಟಿಯಾಗಿದ್ದಾರೆಯೇ, ಯಾವುದಾದರೂ ಪಕ್ಷದ ಕಚೇರಿಯಿಂದ ಫೋನ್ ಬಂದಿದೆಯೇ ಎಂಬುದನ್ನು ಸಭೆಯ ನಡಾವಳಿಯಲ್ಲಿ ಬರೆಸಿ. ಬರೆಸುತ್ತೇವೆ ಎಂದು ಹೇಳಿದರೇ ಅರ್ಧ ಶಿಫಾರಸುಗಳು ನಿಂತುಹೋಗುತ್ತವೆ.

7. ಶೇ 5ರ ಮಿತಿಯನ್ನು ಸರಿಯಾಗಿ ಓದಿ

ಆಡಳಿತ ವೆಚ್ಚ ಶೇ 5 ಮೀರಬಾರದು ಎಂಬ ನಿಯಮ ಹಿಡಿದು ಕಂಪನಿಗಳು ನಮ್ಮ ಕ್ಷೇತ್ರ ಕಾರ್ಯಕರ್ತೆಯರ ಸಂಬಳ ಕತ್ತರಿಸುತ್ತವೆ. ನಿಯಮ ಹೇಳುವುದು ಕಂಪನಿಯ ಒಳಗಿನ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತ ಖರ್ಚನ್ನು. ಯೋಜನೆ ರೂಪಿಸುವುದು, ನಡೆಸುವುದು, ಉಸ್ತುವಾರಿ ಮಾಡುವುದು ಯೋಜನೆಯದೇ ಖರ್ಚು. ಮನೆ ಮನೆಗೆ ಹೋಗಿ ಬಾಣಂತಿಯ ತೂಕ ಬರೆದುಕೊಳ್ಳುವ ಹುಡುಗಿಯ ಸಂಬಳ ಆಡಳಿತ ವೆಚ್ಚ ಹೇಗಾದೀತು? ಅವಳೇ ಯೋಜನೆ. ಈ ಮಾತನ್ನು ಒಪ್ಪಂದಕ್ಕೆ ಮೊದಲೇ ಜಗಳವಾಡಿಯಾದರೂ ಇತ್ಯರ್ಥ ಮಾಡಿಕೊಳ್ಳಿ.

8. ಮಾರ್ಚ್ ತಿಂಗಳ ಫೋನು

ಫೆಬ್ರವರಿ ಕೊನೆಗೆ ಫೋನ್ ಬರುತ್ತದೆ: "ಸ್ವಲ್ಪ ಹಣ ಉಳಿದಿದೆ, ಮಾರ್ಚ್ 31ರೊಳಗೆ ಏನಾದರೂ ಮಾಡಿ." ನಮ್ಮ ಬಳಿ ಊರವರು ಒಪ್ಪಿದ, ಅಂದಾಜು ಪಟ್ಟಿ ಸಿದ್ಧವಿರುವ ಕೆಲಸವಿದ್ದರೆ ಸರಿ. ಇಲ್ಲದಿದ್ದರೆ ಬೇಡ ಎನ್ನಿ. ಶಾಲೆಗಳಿಗೆ ಪರೀಕ್ಷೆ, ಅಧಿಕಾರಿಗಳಿಗೆ ವರ್ಷಾಂತ್ಯ, ಆ ತಿಂಗಳಲ್ಲಿ ಕೊಂಡ ಸಾಮಾನು ಪೊಟ್ಟಣ ಬಿಚ್ಚದೆ ಬಿದ್ದಿರುವುದನ್ನು ಜೂನಿನಲ್ಲಿ ಹೋಗಿ ನೋಡಬಹುದು.

9. ಲೆಕ್ಕವನ್ನು ಗಟ್ಟಿಯಾಗಿ ಓದಿ

ದಾವಣಗೆರೆ ಹತ್ತಿ ಗಿರಣಿಗಳಿಂದ ಹೆಸರಾದ ಊರು. ಕಾರ್ಮಿಕ ಚಳವಳಿಯಿಂದ ಬಂದ ಪಂಪಾಪತಿಯವರನ್ನು ಮತ್ತೆ ಮತ್ತೆ ವಿಧಾನಸಭೆಗೆ ಕಳಿಸಿದ ಊರು. ಕೂಲಿ, ಬೋನಸ್ಸಿನ ಲೆಕ್ಕವನ್ನು ಗೇಟಿನ ಮುಂದೆ ನಿಂತು ಕೇಳಿದವರ ಮಕ್ಕಳು ಮೊಮ್ಮಕ್ಕಳು ಇಲ್ಲಿದ್ದಾರೆ. ಜನಕ್ಕೆ ಲೆಕ್ಕ ತಿಳಿಯುವುದಿಲ್ಲ ಎಂಬ ಮಾತನ್ನು ಇಲ್ಲಿ ಯಾರಾದರೂ ಆಡಿದರೆ ನನಗೆ ಸಿಟ್ಟು ಬರುತ್ತದೆ.

ಕಂಪನಿಯ ಹಣಕಾಸು ಮುಖ್ಯಸ್ಥರು ಹಣ ಸರಿಯಾಗಿ ಬಳಕೆಯಾಗಿದೆ ಎಂದು ದೃಢೀಕರಿಸಬೇಕು, ಅದು ನಿಯಮ. ಪರಿಣಾಮದ ಮೌಲ್ಯಮಾಪನ ಕಡ್ಡಾಯವಾಗಿರುವುದು ಸರಾಸರಿ 10 ಕೋಟಿ ಅಥವಾ ಅದಕ್ಕೂ ಹೆಚ್ಚಿನ ಸಿಎಸ್‌ಆರ್ ಬಾಧ್ಯತೆ ಇರುವ ಕಂಪನಿಗಳಿಗೆ, ಅದೂ 1 ಕೋಟಿ ಅಥವಾ ಅದಕ್ಕೂ ಹೆಚ್ಚಿನ ಯೋಜನೆಗಳಿಗೆ. ನಮ್ಮ ಕಡೆಯ ಸಣ್ಣ ಕೆಲಸಗಳು ಅದರೊಳಗೆ ಬರುವುದೇ ಇಲ್ಲ. ಆದ್ದರಿಂದ ನಮ್ಮ ಪದ್ಧತಿ ನಾವೇ ಮಾಡಿಕೊಂಡಿದ್ದೇವೆ. ಕೆಲಸ ಮುಗಿದಾಗ ಒಂದು ಸಲ, ವರ್ಷ ತುಂಬಿದಾಗ ಇನ್ನೊಂದು ಸಲ ಆಯಾ ಶಾಲೆ ಅಥವಾ ಓಣಿಯಲ್ಲೇ ಸಭೆ. ಮಂಜೂರಾದದ್ದು ಎಷ್ಟು, ಇಟ್ಟಿಗೆಗೆ ಎಷ್ಟು, ಕೂಲಿಗೆ ಎಷ್ಟು, ನಮ್ಮ ಸಂಸ್ಥೆಗೆ ಎಷ್ಟು ಎಂದು ಗಟ್ಟಿಯಾಗಿ ಓದುತ್ತೇವೆ. ಬೋರ್ಡಿನ ಮೇಲೆ ಕಂಪನಿಯ ಹೆಸರಿನ ಕೆಳಗೆ ಮೊತ್ತ, ಗುತ್ತಿಗೆದಾರ, ದುರಸ್ತಿ ಯಾರ ಜವಾಬ್ದಾರಿ, ದೂರು ಎಲ್ಲಿ ಎಂಬುದೂ ಇರಬೇಕು. ಒಂದು ಶೌಚಾಲಯದ ಲೆಕ್ಕ ಓದುವಾಗ ಗಾರೆ ಕೆಲಸದ ಅಪ್ಪನೊಬ್ಬ ಎದ್ದು, ಇಷ್ಟು ಗೋಡೆಗೆ ಇಷ್ಟು ಸಿಮೆಂಟ್ ಚೀಲ ಹಿಡಿಯುವುದಿಲ್ಲ ಎಂದ. ಅಳತೆ ಪುಸ್ತಕ ತರಿಸಿ ನೋಡಿದರೆ ಅವನ ಮಾತೇ ನಿಜ, ಗುತ್ತಿಗೆದಾರನ ಬಿಲ್ಲಿನಿಂದ ಆ ಹಣ ಕಡಿತವಾಯಿತು. ಬೆಂಗಳೂರಿನಿಂದ ಬರುವ ಯಾವ ಆಡಿಟರಿಗೂ ಅದು ಕಣ್ಣಿಗೆ ಬೀಳುತ್ತಿರಲಿಲ್ಲ.

ಈ ಎರಡು ಸಭೆಗಳನ್ನು ನಾವು ಈಗ ಒಪ್ಪಂದ ಪತ್ರದಲ್ಲೇ ಷರತ್ತಾಗಿ ಬರೆಸುತ್ತೇವೆ. ಕೆಲವು ಕಂಪನಿಗಳು ಸಂತೋಷದಿಂದ ಒಪ್ಪಿ ತಮ್ಮ ಅಧಿಕಾರಿಯನ್ನೂ ಕಳಿಸುತ್ತವೆ. ಮೊತ್ತ ಮಾತ್ರ ಬೋರ್ಡಿನಲ್ಲಿ ಬೇಡ ಎಂದು ಪಟ್ಟು ಹಿಡಿದವರ ಹಣವನ್ನು ಬಿಟ್ಟದ್ದೂ ಇದೆ. ಹಾಗೆ ಹಣ ಬಿಟ್ಟ ಒಂದು ಶಾಲೆಯ ಕಾಂಪೌಂಡಿಗೆ ಈಗ ಬೇರೆ ಕಂಪನಿಯೊಂದರ ಜೊತೆ ಮಾತುಕತೆ ನಡೆದಿದೆ.