ಹಾಸನದ ಹೃದಯಾಘಾತ ವರದಿಯೂ ಬಿಸಿಲೆಯ ಘಟ್ಟದ ದಾರಿಯೂ

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಒಬ್ಬರ ಹಿಂದೊಬ್ಬರು ತೀರಿಕೊಂಡರೆಂಬ ವಾರ್ತೆ ನಾಡನ್ನೆಲ್ಲ ಕಳವಳಕ್ಕೆ ಈಡುಮಾಡಿತು. ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವು ಎಂದು ಪತ್ರಿಕೆಗಳು ಎಣಿಸಿದವು. ಮೃತರಲ್ಲಿ ಎಳೆಯ ವಯಸ್ಸಿನವರೂ ಇದ್ದುದರಿಂದ ಭಯ ಇಮ್ಮಡಿಯಾಯಿತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವದಿಂದಲೇ ಜನ ಸಾಲುಗಟ್ಟಿದರು. ಕೊರೋನಾ ಲಸಿಕೆಯೇ ಕಾರಣವೆಂದು ಕೆಲವರು, ನೀರು ಕೆಟ್ಟಿದೆಯೆಂದು ಕೆಲವರು, ಊರಿಗೆ ಏನೋ ಕೇಡು ತಟ್ಟಿದೆಯೆಂದು ಮತ್ತೆ ಕೆಲವರು ಮಾತನಾಡಿಕೊಂಡರು. ಈ ಗದ್ದಲದ ನಡುವೆ ವೈದ್ಯರು ಶಾಂತವಾಗಿ ನಡೆಸಿದ ಅಧ್ಯಯನವನ್ನು ಓದಿದವರು ಕಡಮೆ. ಆದುದರಿಂದ ಈ ಸಂಚಿಕೆಯಲ್ಲಿ ಅದನ್ನೇ ಪಾಠವಾಗಿ ಎತ್ತಿಕೊಂಡಿದ್ದೇವೆ. ಬಿಸಿಲೆ, ಹೆತ್ತೂರು, ಆಲೂರು ಸೀಮೆಯ ಸದ್ಭಕ್ತರು ಇದನ್ನು ತಮ್ಮ ಮನೆಯ ವಿಷಯವೆಂದೇ ಓದಬೇಕು.

ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆಯ ಅಂದಿನ ನಿರ್ದೇಶಕರಾದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದ ತಜ್ಞರ ಸಮಿತಿಗೆ ಸರ್ಕಾರ ಈ ಹೊಣೆಯನ್ನು ವಹಿಸಿತು. ಜುಲೈ ತಿಂಗಳಲ್ಲಿ ಆರೋಗ್ಯ ಸಚಿವರು ವರದಿಯನ್ನು ಪ್ರಕಟಿಸಿದರು. ಪರಿಶೀಲಿಸಲಾದ ಸಾವುಗಳು 24. ಅವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಉಳಿದ 20ರಲ್ಲಿ 10 ಸಾವುಗಳಿಗೆ ಹೃದ್ರೋಗವೇ ಕಾರಣವೆಂದು ದಾಖಲೆಗಳಿಂದ ಖಚಿತವಾಯಿತು. ಇನ್ನುಳಿದ 10 'ಸಂಭವನೀಯ' ಎಂಬ ವರ್ಗಕ್ಕೆ ಸೇರಿದವು. ಆಸ್ಪತ್ರೆಗಳ ಅಂಕಿಅಂಶಗಳನ್ನು ಹಿಂದಿನವುಗಳೊಡನೆ ಹೋಲಿಸಿದಾಗ ಹಾಸನದಲ್ಲಿ ಹೃದಯದ ಸಾವುಗಳು ಅಸಹಜವಾಗಿ ಏರಿಲ್ಲವೆಂಬುದೇ ಸಮಿತಿಯ ನಿರ್ಣಯವಾಗಿತ್ತು.

ಇದನ್ನು ಕೇಳಿ ಹಲವರು 'ಮುಚ್ಚಿಹಾಕಿದರು' ಎಂದರು. ಆದರೆ ಸ್ವಲ್ಪ ಗಣಿತ ಮಾಡಿ ನೋಡೋಣ. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ ಸುಮಾರು 17 ಲಕ್ಷ 76 ಸಾವಿರ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಆರೇಳು ಮಂದಿ ಮರಣ ಹೊಂದುತ್ತಾರೆ. ಆ ಲೆಕ್ಕದಲ್ಲಿ ಜಿಲ್ಲೆಯಲ್ಲಿ ತಿಂಗಳಿಗೆ ಹೆಚ್ಚುಕಡಮೆ ಒಂಬೈನೂರರಿಂದ ಸಾವಿರ ಸಾವು. ಭಾರತದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಾವು ಹೃದಯ ಮತ್ತು ರಕ್ತನಾಳಗಳ ರೋಗದಿಂದ ಆಗುತ್ತದೆ. ಪಾರ್ಶ್ವವಾಯುವೂ ಇದರಲ್ಲಿ ಸೇರಿದೆಯೆಂದು ಇಟ್ಟುಕೊಂಡರೂ, ಯಾವ ಪತ್ರಿಕೆಯೂ ಬರೆಯದ ಸಾಮಾನ್ಯ ತಿಂಗಳಲ್ಲಿಯೂ ನಮ್ಮ ಜಿಲ್ಲೆಯಲ್ಲಿ ಇನ್ನೂರಕ್ಕೂ ಮಿಕ್ಕಿ ಜನ ಹೀಗೆ ಹೋಗುತ್ತಲೇ ಇದ್ದಾರೆ. ಇಪ್ಪತ್ತೆಂಬ ಸಂಖ್ಯೆ ದೊಡ್ಡದಾಗಿ ಕಂಡದ್ದು ಅದರ ಪಕ್ಕದಲ್ಲಿ ಬೇರೊಂದು ಸಂಖ್ಯೆಯನ್ನು ಯಾರೂ ಇಡಲಿಲ್ಲವಾದ್ದರಿಂದ. ರೋಗದ ಅಧ್ಯಯನದಲ್ಲಿ ಮೊದಲ ಪಾಠವೇ ಇದು: ಎಷ್ಟು ಎಂದು ಕೇಳಿದೊಡನೆ, ಎಷ್ಟರಲ್ಲಿ ಎಂದೂ ಕೇಳಬೇಕು.

ಹಾಗೆಂದು ಈ ವರದಿ ನೆಮ್ಮದಿಯಿಂದ ಮಲಗಲು ಕೊಟ್ಟ ಚೀಟಿಯೆಂದು ನಾವು ತಿಳಿಯುವುದಿಲ್ಲ. ಏರಿಕೆಯಾಗಿಲ್ಲ ಎಂಬ ಮಾತಿಗೆ, ಮೊದಲಿನಿಂದಲೂ ಇಷ್ಟೇ ಜನ ಸಾಯುತ್ತಿದ್ದರು ಎಂಬ ಅರ್ಥವೂ ಉಂಟು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ 'ಇಂಟರ್‌ಹಾರ್ಟ್' ಅಧ್ಯಯನದ ಅಂಕಿಗಳಂತೆ ಮೊದಲ ಹೃದಯಾಘಾತಕ್ಕೆ ತುತ್ತಾಗುವವರ ನಡುವಣ ವಯಸ್ಸು ದಕ್ಷಿಣ ಏಷ್ಯಾದಲ್ಲಿ 53; ಇತರೆಡೆ ಸುಮಾರು 59. ದುಡಿಯುವ ವಯಸ್ಸಿನಲ್ಲಿ ಆರು ವರ್ಷದ ಅಂತರವೆಂದರೆ ಒಂದು ಸಂಸಾರದ ಮಟ್ಟಿಗೆ ಮಕ್ಕಳ ಓದು, ಮದುವೆ, ತೋಟದ ಸಾಲ ಎಲ್ಲವೂ ಆಗಿರುತ್ತದೆ.

ಆ 'ಸಂಭವನೀಯ' ಹತ್ತು ಸಾವುಗಳ ವಿಷಯದಲ್ಲಿ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಮನೆಯಲ್ಲಿಯೋ ದಾರಿಯಲ್ಲಿಯೋ ಹಠಾತ್ತನೆ ಪ್ರಾಣ ಹೋದರೆ ಅದು ಹೃದಯದಿಂದಲೇ ಎಂದು ಹೇಳಲು ಇ.ಸಿ.ಜಿ. ಇರಬೇಕು, ಇಲ್ಲವೇ ಮರಣೋತ್ತರ ಪರೀಕ್ಷೆಯಾಗಿರಬೇಕು. ಎರಡೂ ಇಲ್ಲದಿದ್ದರೆ ವೈದ್ಯರು ಮನೆಯವರ ಮಾತನ್ನು ಕೇಳಿ ಊಹಿಸಬೇಕಾಗುತ್ತದೆ. ಈ ಘಟನೆಗಳ ಬಳಿಕ, ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ನಡೆಸಬೇಕು ಎಂದು ಸರ್ಕಾರ ಪ್ರಕಟಿಸಿತು. ನಮ್ಮ ಸಮಾಜದಲ್ಲಿ ಲಿಂಗೈಕ್ಯರಾದವರ ಕಾಯಕ್ಕೆ ಕತ್ತರಿ ತಾಗಬಾರದೆಂಬ ಭಾವನೆ ಬಲವಾಗಿದೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಪರೀಕ್ಷೆಯಾದ ಮೇಲೂ ವಿಭೂತಿ ಧರಿಸಿ ಕ್ರಿಯಾಸಮಾಧಿ ಮಾಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮೂವತ್ತೈದು ವರ್ಷದ ಮಗ ಏಕೆ ಹೋದನೆಂದು ತಿಳಿದರೆ ಅವನ ತಮ್ಮನನ್ನೂ ಮಕ್ಕಳನ್ನೂ ಮುಂಚಿತವಾಗಿ ಪರೀಕ್ಷಿಸಬಹುದು. ಕುಟುಂಬದಲ್ಲಿ ಹರಿದುಬರುವ ಹೃದ್ರೋಗಗಳು ಹಲವು.

ಇನ್ನು ಲಸಿಕೆಯ ವಿಚಾರ. ಜಯದೇವ ಸಂಸ್ಥೆಯ ವೈದ್ಯರು 2025ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ದಾಖಲಾದ ಕಿರಿಯ ವಯಸ್ಸಿನ 251 ಹೃದ್ರೋಗಿಗಳನ್ನು ವಿಚಾರಿಸಿದರು. 111 ಮಂದಿ ಧೂಮಪಾನಿಗಳು, 102 ಮಂದಿಗೆ ರಕ್ತದೊತ್ತಡ, 87 ಮಂದಿಗೆ ಮಧುಮೇಹ. ಕೊರೋನಾ ಸೋಂಕಿಗಾಗಲಿ ಲಸಿಕೆಗಾಗಲಿ ಈ ರೋಗದೊಡನೆ ನಂಟು ಕಾಣಲಿಲ್ಲವೆಂದು ವರದಿ ಹೇಳಿತು. ಅದೇ ಅಧ್ಯಯನದಲ್ಲಿ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಖ್ಯೆ ಬೇರೆ: 77 ಮಂದಿಯಲ್ಲಿ ವಾಡಿಕೆಯ ಯಾವ ಕಾರಣವೂ ಇರಲಿಲ್ಲ. ಬೀಡಿ ಸಿಗರೇಟಿಲ್ಲ, ಸಕ್ಕರೆ ಕಾಯಿಲೆಯಿಲ್ಲ, ಒತ್ತಡವಿಲ್ಲ. ಆದರೂ ನಾಳ ಕಟ್ಟಿತ್ತು. ಮೂವರಲ್ಲಿ ಒಬ್ಬರಿಗೆ ಹತ್ತಿರವಾಯಿತು. ಆದ್ದರಿಂದ 'ನಮಗೇಕೆ ಬಂದೀತು' ಎಂಬ ಮಾತನ್ನು ಎದೆನೋವಿನ ಮುಂದೆ ಯಾರೂ ಆಡುವಂತಿಲ್ಲ.

ಈ ಮಾತನ್ನು ಹೆಚ್ಚಾಗಿ ಆಡುವವರು ನಮ್ಮವರೇ. ನಾವು ಶಾಕಾಹಾರಿಗಳು, ಕುಡಿಯುವವರಲ್ಲ, ಹೃದಯ ನಮಗೆ ಕೈಕೊಡದು ಎಂಬ ನಂಬಿಕೆ ಮಲೆನಾಡಿನ ಮನೆಮನೆಯಲ್ಲಿದೆ. ಶಾಕಾಹಾರ ಒಳ್ಳೆಯದೇ. ಆದರೆ ಎರಡು ಹೊತ್ತು ತಟ್ಟೆಯ ತುಂಬ ಬಿಳಿ ಅನ್ನ, ಉಪ್ಪಿನಕಾಯಿ, ಹಪ್ಪಳ, ಕಾಸಿ ಆರಿಸಿ ಮತ್ತೆ ಕಾಸಿದ ಎಣ್ಣೆಯ ಬೋಂಡ, ದಿನಕ್ಕೆ ಐದು ಬಾರಿ ಸಕ್ಕರೆ ಹಾಕಿದ ಕಾಫಿ, ಊಟದ ಮೇಲೆ ಹೊಗೆಸೊಪ್ಪು ಸೇರಿದ ಎಲೆಅಡಿಕೆ: ಇವೆಲ್ಲವೂ ಶಾಕಾಹಾರವೇ. ಹಿಂದಿನವರು ಇದಕ್ಕಿಂತ ಹೆಚ್ಚು ತುಪ್ಪ ತಿನ್ನುತ್ತಿದ್ದರೆಂದು ವಾದಿಸುವವರು, ಅವರು ದಿನವೂ ಹತ್ತು ಹನ್ನೆರಡು ಮೈಲಿ ಏರುತಗ್ಗು ನಡೆಯುತ್ತಿದ್ದುದನ್ನು ಮಾತ್ರ ಮರೆಯುತ್ತಾರೆ.

ನಮ್ಮ ಶಾಸ್ತ್ರಕಾರರು ಹೃದಯವನ್ನು ತ್ರಿಮರ್ಮಗಳಲ್ಲಿ ಒಂದಾಗಿ ಎಣಿಸಿದ್ದಾರೆ. ಚರಕಾಚಾರ್ಯರು ಹೃದ್ರೋಗದ ಕಾರಣಗಳನ್ನು ಹೇಳುವಾಗ ಮಿತಿಮೀರಿದ ಶ್ರಮ, ಚಿಂತೆ, ಭಯ, ಮಲಮೂತ್ರಾದಿ ವೇಗಗಳನ್ನು ತಡೆಹಿಡಿಯುವುದು ಇವನ್ನೆಲ್ಲ ಸೇರಿಸಿದ್ದಾರೆ. ಹಾಸನದ ಮೃತರಲ್ಲಿ ಆಟೋ, ಟ್ಯಾಕ್ಸಿ ಓಡಿಸುವವರು ಗಣನೀಯವಾಗಿದ್ದರೆಂದು ವರದಿಯಾದಾಗ ನಮಗೆ ಆ ಪಟ್ಟಿ ನೆನಪಾಯಿತು. ಹೊತ್ತಿಗೆ ಊಟವಿಲ್ಲ, ನಿದ್ರೆಯಿಲ್ಲ, ಕಂತಿನ ಚಿಂತೆ, ಕುಳಿತ ಆಸನ ಬಿಟ್ಟು ಏಳುವಂತಿಲ್ಲ. ಸುಶ್ರುತಾಚಾರ್ಯರಾದರೋ ಹೃದಯವನ್ನು ಸದ್ಯಃಪ್ರಾಣಹರ ಮರ್ಮಗಳ ಸಾಲಿಗೆ ಸೇರಿಸಿದರು. ಸದ್ಯಃ ಎಂದರೆ ಒಡನೆಯೇ; ಇಲ್ಲಿ ಕಾಲವೇ ಮುಖ್ಯವೆಂಬ ಅರಿವು ಆ ಹೆಸರಿನಲ್ಲಿಯೇ ಇದೆ.

ಆ ಕಾಲದ ಲೆಕ್ಕವನ್ನು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವೈದ್ಯರ ನೇತೃತ್ವದಲ್ಲಿ ನಡೆದ 'ಕ್ರಿಯೇಟ್' ಎಂಬ ಅಧ್ಯಯನ ನಮ್ಮ ಮುಂದಿಟ್ಟಿದೆ. ದೇಶದ 89 ಆಸ್ಪತ್ರೆಗಳಿಗೆ ಬಂದ 20,937 ಹೃದ್ರೋಗಿಗಳ ವಿವರವನ್ನು ಕೂಡಿಸಿ 2008ರಲ್ಲಿ ಪ್ರಕಟಿಸಿದರು. ನೋವು ಆರಂಭವಾದ ಗಳಿಗೆಯಿಂದ ಆಸ್ಪತ್ರೆ ಮುಟ್ಟುವವರೆಗೆ ಕಳೆದ ನಡುವಣ ಅವಧಿ 360 ನಿಮಿಷ, ಅಂದರೆ ಆರು ಗಂಟೆ. ಆಸ್ಪತ್ರೆಯ ಬಾಗಿಲಿನಿಂದ ಹೆಪ್ಪು ಕರಗಿಸುವ ಔಷಧ ದೊರೆಯುವವರೆಗೆ ಹಿಡಿದದ್ದು ಕೇವಲ 50 ನಿಮಿಷ. ಕಾಲ ಸೋರಿಹೋದದ್ದು ಹೆಚ್ಚಾಗಿ ಮನೆಯಲ್ಲಿ ಮತ್ತು ದಾರಿಯಲ್ಲಿ. ಬಡರೋಗಿಗಳಿಗೆ ಸರಿಯಾದ ಚಿಕಿತ್ಸೆ ಕಡಮೆ ದೊರೆಯಿತು, ಅವರೇ ಹೆಚ್ಚು ಸತ್ತರು ಎಂಬುದನ್ನೂ ಆ ಅಧ್ಯಯನ ತೋರಿಸಿತು.

ಬಿಸಿಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಲೆಯಿಂದ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ ಸುಮಾರು ಐವತ್ತು ಕಿಲೋಮೀಟರ್. ಅಲ್ಲಿಂದ ಹಾಸನಕ್ಕೆ ಇನ್ನೂ ನಲವತ್ತು. ಆಷಾಢದ ಮಳೆಯಲ್ಲಿ ಮರ ಉರುಳಿ ರಸ್ತೆ ಕಟ್ಟುತ್ತದೆ, ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ, ಸಂಜೆಯಾದರೆ ಆನೆ ಯಾವ ತಿರುವಿನಲ್ಲಿ ನಿಂತಿದೆಯೋ ತಿಳಿಯದು. ಇಷ್ಟು ದೂರವಿರುವವರು ಪಟ್ಟಣದವರಿಗಿಂತ ಬೇಗ ಹೊರಡಬೇಕು. ನಡೆಯುವುದು ಮಾತ್ರ ತಿರುವುಮುರುವು. 'ಗ್ಯಾಸ್ ಇರಬೇಕು' ಎಂದು ಒಂದು ಲೋಟ ಸೋಡಾ, ಆಮೇಲೆ ಓಮದ ಕಷಾಯ, ಆಮೇಲೆ ಬೆಳಗಾಗಲಿ ಎಂಬ ಮಾತು.

ಎದೆಯ ನಡುವೆ ಭಾರ ಇಟ್ಟಂತಹ ನೋವು, ಅದು ಎಡತೋಳಿಗೋ ಗಂಟಲಿಗೋ ದವಡೆಗೋ ಹರಡುವುದು, ತಣ್ಣನೆಯ ಬೆವರು, ಉಸಿರು ಕಟ್ಟುವುದು: ಇವು ಹತ್ತು ಹದಿನೈದು ನಿಮಿಷ ನಿಂತರೆ ಹೊರಡಿ. ಹೆಂಗಸರಲ್ಲಿ, ವೃದ್ಧರಲ್ಲಿ, ಮಧುಮೇಹಿಗಳಲ್ಲಿ ನೋವೇ ಇಲ್ಲದೆ ಬರಿಯ ಸುಸ್ತು, ವಾಕರಿಕೆ, ಉಬ್ಬಸವಾಗಿ ಕಾಣಿಸಿಕೊಳ್ಳುವುದುಂಟು. ರೋಗಿಯನ್ನು ನಡೆಸಬೇಡಿ, ತಾನೇ ವಾಹನ ಓಡಿಸಲು ಬಿಡಬೇಡಿ. 108ಕ್ಕೆ ಕರೆ ಮಾಡಿ; ಅದು ಬರುವುದು ತಡವೆಂದು ಕಂಡರೆ ನೆರೆಯ ಜೀಪನ್ನು ಹೊರಡಿಸಿ. ನೇರವಾಗಿ ಇ.ಸಿ.ಜಿ. ಇರುವ ಆಸ್ಪತ್ರೆಗೆ ಹೋಗಿ. ಸರ್ಕಾರದ 'ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ' ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ ಸಲಹೆ ಕೊಡುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಅಲ್ಲಿಯೇ ಹಾಕುತ್ತಾರೆ. ಮೊದಲ ಮೂರು ಗಂಟೆಯೊಳಗೆ ಇದರ ಗುಣ ಹೆಚ್ಚು, ಹೊತ್ತು ಕಳೆದಂತೆ ಕಡಮೆ. ಹಾಸನಕ್ಕೋ ಮೈಸೂರಿಗೋ ದೊಡ್ಡ ಆಸ್ಪತ್ರೆಗೇ ಹೋಗೋಣವೆಂದು ತಾಲ್ಲೂಕು ಆಸ್ಪತ್ರೆಯನ್ನು ದಾಟಿ ಓಡುವುದು ಜಾಣತನವಲ್ಲ.

ಆಯುರ್ವೇದ ವೈದ್ಯರಾದ ನಮ್ಮ ಬಳಿಗೆ ಬಂದು 'ಅರ್ಜುನ ತೊಗಟೆಯ ಕಷಾಯ ಕುಡಿದರೆ ಸಾಲದೇ' ಎಂದು ಕೇಳುವವರು ಬಹಳ. ಹೇಮಾವತಿಯ ದಡದಲ್ಲಿ ನಿಂತ ಹೊಳೆಮತ್ತಿಯೇ ಅರ್ಜುನ. ಹೃದ್ರೋಗದಲ್ಲಿ ಅದರ ತೊಗಟೆಯನ್ನು ಹಾಲಿನಲ್ಲಿ ಕಾಸಿ ಕೊಡುವ ಕ್ರಮವನ್ನು ಚಕ್ರದತ್ತರು ಹೇಳಿದ್ದಾರೆ, ನಾವೂ ಕೊಡುತ್ತೇವೆ. ಆದರೆ ದೆಹಲಿಯ ಏಮ್ಸ್ ವೈದ್ಯರು ಹೃದಯ ದುರ್ಬಲಗೊಂಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅರ್ಜುನದ ಸಾರ, ಇನ್ನೊಂದಕ್ಕೆ ಔಷಧವಿಲ್ಲದ ಗುಳಿಗೆ ಕೊಟ್ಟು ಹನ್ನೆರಡು ವಾರ ನೋಡಿದಾಗ, ಹೃದಯ ರಕ್ತ ಹೊಮ್ಮಿಸುವ ಬಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ನಡೆದಾಡುವ ಶಕ್ತಿ ಮಾತ್ರ ಸ್ವಲ್ಪ ಸುಧಾರಿಸಿತು. 2016ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರು ಹೇಳಲು ಹಿಂಜರಿಯುತ್ತಾರೆ. ನಮಗೆ ಹಿಂಜರಿಕೆಯಿಲ್ಲ. ಕಟ್ಟಿದ ನಾಳವನ್ನು ಗಂಟೆಯೊಳಗೆ ತೆರೆಯುವ ಕೆಲಸ ಯಾವ ಕಷಾಯದ್ದೂ ಅಲ್ಲ.

ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಪಥ್ಯ, ನಿದ್ರೆ, ನಡಿಗೆ, ಮನಸ್ಸಿನ ಸಮಾಧಾನ ಇವುಗಳಿಗೆ ನಮ್ಮ ಬಳಿಗೆ ಅವಶ್ಯವಾಗಿ ಬನ್ನಿ. ಬರುವಾಗ ಬಿಡುಗಡೆಯ ಪತ್ರವನ್ನೂ ನುಂಗುತ್ತಿರುವ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ತನ್ನಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟಿರುವ ಮಾತ್ರೆಯನ್ನು ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬೇಡಿ. ನಿಲ್ಲಿಸಿ ಎಂದು ನಾವೂ ಹೇಳುವುದಿಲ್ಲ.