ಕೊಲ್ಲುವ ಮೊದಲು ಎಲೆ ತಿರುಗಿಸಿ ನೋಡು

ತೋಟದಲ್ಲಿ ಗುರುತಿಲ್ಲದ ಹುಳ ಕಂಡ ಕೂಡಲೇ 'ಇದರ ಹೆಸರೇನು?' ಎಂದು ಕೇಳುತ್ತೀಯ. ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡು ಮಗಳೇ. ಅದು ಯಾವ ಗಿಡದ ಮೇಲಿದೆ, ಅಲ್ಲಿ ಏನು ಮಾಡುತ್ತಿದೆ, ಇವೆರಡನ್ನು ಮೊದಲು ನೋಡು. ಹೆಸರು ಆಮೇಲೆ ತಾನಾಗಿ ಸಿಗುತ್ತದೆ. ಸಿಗದಿದ್ದರೂ ಗಿಡ ಉಳಿಸಿಕೊಳ್ಳುವುದಕ್ಕೆ ಅಷ್ಟು ಸಾಕು.

ಗಿಡವನ್ನು ಮೊದಲು ನೋಡು ಎನ್ನುವುದಕ್ಕೆ ಕಾರಣವಿದೆ. ಎಲೆ ತಿನ್ನುವ ಹುಳುಗಳಲ್ಲಿ ಎಷ್ಟೋ ಊಟದ ವಿಷಯದಲ್ಲಿ ಬಲು ಹಟಮಾರಿಗಳು. ಎಕ್ಕದ ಎಲೆಯ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆ ಹೊದ್ದು ಕೂತ ಹುಳ ನಿನ್ನ ಕರಿಬೇವಿನ ಕಡೆ ತಲೆ ಹಾಕುವುದಿಲ್ಲ. ಕರಿಬೇವು ತಿನ್ನುವುದು ಟೊಮೆಟೊ ಮುಟ್ಟುವುದಿಲ್ಲ. ಗಿಡದ ಹೆಸರು ಗೊತ್ತಾದರೆ ಹುಳದ ಗುರುತು ಅರ್ಧ ಸಿಕ್ಕಂತೆ. ಉಳಿದರ್ಧವನ್ನು ಗಾಯ ಹೇಳುತ್ತದೆ. ಎಲೆಯಲ್ಲಿ ತೂತು, ಅಂಚಿನಲ್ಲಿ ಕಚ್ಚಿದ ಗುರುತು ಇದ್ದರೆ ದವಡೆಯಿರುವವರ ಕೆಲಸ: ಹುಳು, ದುಂಬಿ, ಮಿಡತೆ. ಎಲೆ ಮುದುಡಿ, ಹಳದಿಯಾಗಿ, ಮೇಲೆ ಅಂಟಂಟು ಇದ್ದರೆ ರಸ ಹೀರುವವರ ಕೆಲಸ: ಸಸ್ಯಹೇನು, ಬಿಳಿನೊಣ, ಹಿಟ್ಟು ತಿಗಣೆ. ಇರುವೆಗಳು ಸಾಲುಗಟ್ಟಿ ಗಿಡ ಹತ್ತುತ್ತಿದ್ದರೆ ಹೆಚ್ಚಾಗಿ ಈ ಅಂಟಿನ ಸಿಹಿಗಾಗಿಯೇ. ಆಗ ಇರುವೆಯನ್ನು ಬಯ್ಯಬೇಡ, ಅದು ಹೋಗುತ್ತಿರುವ ಚಿಗುರನ್ನು ತಿರುಗಿಸಿ ನೋಡು.

ಸಿಕ್ಕ ಹುಳವೆಲ್ಲ ತಪ್ಪಿತಸ್ಥ ಎಂದೂ ತಿಳಿಯಬೇಡ. ಸ್ಪೊಡಾಪ್ಟೆರಾ ಎಂಬ ಪತಂಗದ ಬಲಿತ ಹುಳು ಹಗಲು ಮಣ್ಣಲ್ಲಿ ಅಡಗಿ ರಾತ್ರಿ ಬಂದು ಮೇಯುತ್ತದೆ. ಬೆಳಗಿನ ಹೊತ್ತು ಪಾಪದ ಇನ್ನಾವುದೋ ಕೀಟ ಅದೇ ಎಲೆಯ ಮೇಲೆ ಬಿಸಿಲು ಕಾಯುತ್ತಿರುತ್ತದೆ, ಏಟು ಅದಕ್ಕೆ ಬೀಳುತ್ತದೆ. ರಾತ್ರಿ ಎಂಟು ಗಂಟೆಯ ಮೇಲೆ ಟಾರ್ಚ್ ಹಿಡಿದು ಒಂದು ಸುತ್ತು ಬಾ, ನಿನ್ನ ತೋಟವೇ ಬೇರೆ ಕಾಣುತ್ತದೆ. ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿ ಹಿಡಿದು ಕತ್ತರಿಸಿದಷ್ಟು ನಯವಾದ ಅರ್ಧಚಂದ್ರ ಕಂಡರೆ ಅಲ್ಲಿ ಹುಳ ಹುಡುಕುವುದೇ ಬೇಡ. ಅದು ಎಲೆ ಕತ್ತರಿಸುವ ಒಂಟಿ ಜೇನು. ಆ ತುಂಡನ್ನು ತಿನ್ನಲಿಕ್ಕಲ್ಲ, ಮರಿಗಳಿಗೆ ಗೂಡಿನ ಗೋಡೆ ಮಾಡಲು ಒಯ್ದಿದೆ. ನಿನ್ನ ಕಾಯಿಪಲ್ಲೆಯ ಹೂಗಳಿಗೆ ಪರಾಗ ಒಯ್ಯುವವರಲ್ಲಿ ಅದೂ ಒಂದು. ಗುಲಾಬಿಗೆ ನಾಲ್ಕು ಎಲೆ ಹೋದರೆ ಏನೂ ಆಗದು.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ತೋಟದಲ್ಲಿ ಅತಿ ಹೆಚ್ಚು ಅನ್ಯಾಯ ಆಗುವುದು ಮರಿಗಳಿಗೆ. ಕೆಂಪು ಬೆನ್ನಿನ, ಕಪ್ಪು ಚುಕ್ಕೆಯ ಗುಲಗಂಜಿ ಹುಳುವನ್ನು ಎಲ್ಲರೂ ಅಂಗೈ ಮೇಲೆ ಹತ್ತಿಸಿಕೊಳ್ಳುತ್ತಾರೆ. ಅದರ ಮರಿ ಮಾತ್ರ ಪುಟ್ಟ ಮೊಸಳೆಯ ಹಾಗೆ ಕಪ್ಪಗೆ, ಉದ್ದಕ್ಕೆ, ಮೈಮೇಲೆ ಕಿತ್ತಳೆ ಮಚ್ಚೆ ಹೊತ್ತು ಬರುತ್ತದೆ. ಅದನ್ನು ಕಂಡವರು ಹೊಸಕಿ ಹಾಕುತ್ತಾರೆ. ಬೆಳೆಯುವಷ್ಟರಲ್ಲಿ ನೂರಾರು ಸಸ್ಯಹೇನುಗಳನ್ನು ತಿಂದು ಮುಗಿಸುವುದು ಆ ಮರಿಯೇ. ಹೇನಿರುವ ಚಿಗುರಿನಲ್ಲಿ ಅಂಥದ್ದು ಓಡಾಡುತ್ತಿದ್ದರೆ ಕೈ ಹಿಂದಕ್ಕೆ ತೆಗೆ.

ಬದನೆ ಗಿಡದ ಮೇಲೆ ಮಾತ್ರ ಎಚ್ಚರ ಬೇಕು. ಅಲ್ಲಿ ಇಪ್ಪತ್ತೆಂಟು ಚುಕ್ಕೆಯ ಎಪಿಲಾಕ್ನಾ ಎಂಬ ದುಂಬಿ ಇದೆ, ಗುಲಗಂಜಿ ಹುಳುವಿನ ದಾಯಾದಿಯೇ, ಆದರೆ ಅಪ್ಪಟ ಸಸ್ಯಾಹಾರಿ. ಎಲೆಯ ಹಸಿರನ್ನೆಲ್ಲ ಕೆರೆದು ತಿಂದು ಬರೀ ನರ ಉಳಿಸುತ್ತದೆ. ಹೇನು ತಿನ್ನುವವುಗಳ ಬೆನ್ನು ನುಣುಪಾಗಿ ಹೊಳೆಯುತ್ತದೆ. ಇದರ ಬೆನ್ನಿಗೆ ಸಣ್ಣ ರೋಮವಿದ್ದು ಮಂಕಾಗಿರುತ್ತದೆ. ಇದರ ಮರಿ ಹಳದಿ, ಮೈತುಂಬ ಕವಲೊಡೆದ ಮುಳ್ಳು. ಇದನ್ನು ಮೊಟ್ಟೆ ಸಮೇತ ಕೈಯಿಂದ ಆರಿಸಿ ತೆಗೆಯಬಹುದು, ಮನೆತೋಟಕ್ಕೆ ಔಷಧಿಯೇ ಬೇಕಿಲ್ಲ.

ಇನ್ನೊಂದು ಮರಿಯ ಕಥೆ ಇದಕ್ಕಿಂತ ವಿಚಿತ್ರ. ದಾಸವಾಳಕ್ಕೋ ಸೀಬೆಗೋ ಹಿಟ್ಟು ತಿಗಣೆ ಹತ್ತಿದಾಗ ಆ ಬಿಳಿ ಗುಂಪಿನೊಳಗೆ ಸ್ವಲ್ಪ ದೊಡ್ಡದಾದ, ಮೇಣದ ಎಳೆಗಳು ಜೋಲುವ ಒಂದು ಬಿಳಿ ಹುಳು ಚುರುಕಾಗಿ ಓಡಾಡುವುದನ್ನು ನೋಡಬಹುದು. ನೋಡಿದವರು 'ಅಯ್ಯೋ, ಇದು ಇನ್ನೂ ದೊಡ್ಡ ತಿಗಣೆ' ಎಂದು ಮೊದಲು ಅದನ್ನೇ ಕೊಲ್ಲುತ್ತಾರೆ. ಅದು ಕ್ರಿಪ್ಟೊಲೀಮಸ್ ಎಂಬ ದುಂಬಿಯ ಮರಿ, ತಿಗಣೆಯ ವೇಷದಲ್ಲೇ ತಿಗಣೆ ತಿನ್ನುವಂಥದ್ದು. ಕಾಫಿ ಗಿಡದ ಹಸಿರು ಶಲ್ಕಕೀಟ ಹತ್ತಿಕ್ಕಲೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ಇದನ್ನು ನಮ್ಮ ದೇಶಕ್ಕೆ ತಂದರು. ಪಪ್ಪಾಯಿಯ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ದಕ್ಷಿಣದ ತೋಟಗಳನ್ನು ಹಾಳುಗೆಡವಿದಾಗಲೂ ಕಾಪಾಡಿದ್ದು ಇಂಥದೇ ಪುಟ್ಟ ಜೀವ. 2010ರಲ್ಲಿ ಬೆಂಗಳೂರಿನ ಹೆಬ್ಬಾಳದ ಕೇಂದ್ರ ಕೀಟ ಸಂಸ್ಥೆ ಪೋರ್ಟೊರಿಕೊದಿಂದ ತರಿಸಿದ ಅಸೆರೊಫೇಗಸ್ ಎಂಬ ಕಣಜ ಆ ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಹತೋಟಿಗೆ ತಂದಿತು. ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಕಣಜ ಅದು! ಹಾಗಾಗಿಯೇ ಹೇನಿನ ಗುಂಪಿನಲ್ಲಿ ಉಬ್ಬಿ, ಕಂದಾಗಿ, ಕಾಗದದಂತೆ ಒಣಗಿದ ಹೇನು ಕಂಡರೆ ಅವನ್ನು ಉಜ್ಜಿ ತೆಗೆಯಬೇಡ. ಅದರೊಳಗೆ ಇಂಥದೇ ಒಂದು ಕಣಜ ಬೆಳೆಯುತ್ತಿರುತ್ತದೆ. ಎಲೆಯ ಮೇಲೆ ಕೂದಲೆಳೆಯ ತುದಿಯಲ್ಲಿ ನಿಂತ ಬಿಳಿ ಚುಕ್ಕೆಗಳೂ ಬೂಷ್ಟಲ್ಲ, ಹೇನು ತಿನ್ನುವ ಲೇಸ್‌ವಿಂಗ್ ಕೀಟದ ಮೊಟ್ಟೆ.

ಕರಿಬೇವಿನ ಮೇಲೆ ಹಕ್ಕಿಯ ಹಿಕ್ಕೆಯಂತೆ ಅಂಟಿಕೊಂಡಿರುವುದನ್ನು ಕಡ್ಡಿಯಿಂದ ಮೆಲ್ಲಗೆ ಮುಟ್ಟು. ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಹೊರಬಂದು ಗಾಟು ವಾಸನೆ ಹೊಡೆದರೆ ಅದು ನಿಂಬೆ ಚಿಟ್ಟೆಯ ಅಥವಾ ಅದರ ಬಳಗದ ಮರಿ. ಬೆಳೆದ ಮೇಲೆ ಹಸಿರಾಗುತ್ತದೆ. ಕುಂಡದ ಎಳೆಗಿಡವಾದರೆ ಬೇರೆ ದೊಡ್ಡ ಕರಿಬೇವಿನ ಗಿಡಕ್ಕೆ ಸಾಗಿಸು. ಎತ್ತರಕ್ಕೆ ಬೆಳೆದ ಕರಿಬೇವಾದರೆ ಬಿಟ್ಟುಬಿಡು. ಸಾರಿನ ಒಗ್ಗರಣೆಗೆ ಬೇಕಾದಷ್ಟು ಉಳಿಯುತ್ತದೆ.

ಬರಿಗೈಯಲ್ಲಿ ಮುಟ್ಟಬಾರದವೂ ಇವೆ. ಕಂಬಳಿಹುಳದ ವಿಷಯ ನಿನಗೆ ಗೊತ್ತೇ ಇದೆ. ದಾಸವಾಳ, ಬೆಂಡೆಯ ಹೂ ತಿನ್ನುವ ಕಪ್ಪು ಮೈಯ, ಕಿತ್ತಳೆ ಪಟ್ಟಿಯ ದುಂಬಿಯನ್ನು ಹಿಸುಕಿದರೆ ಚರ್ಮದ ಮೇಲೆ ಬೊಕ್ಕೆ ಏಳುತ್ತದೆ. ಮಳೆಗಾಲದಲ್ಲಿ ದೀಪಕ್ಕೆ ಬರುವ ಕಪ್ಪು-ಕಿತ್ತಳೆಯ ತೆಳ್ಳನೆ ಆಸಿಡ್ ಹುಳು ಕಚ್ಚುವುದಿಲ್ಲ, ಕುಟುಕುವುದೂ ಇಲ್ಲ. ಮೈಮೇಲೆ ಕೂತಾಗ ಹೊಡೆದು ಅರೆದರಷ್ಟೇ ಸುಟ್ಟಂಥ ಗಾಯ. ಊದಿ ಹಾರಿಸಿಬಿಡು, ಆ ಜಾಗವನ್ನು ಸೋಪು ಹಾಕಿ ತೊಳೆ. ಹೊಲದಲ್ಲಿ ಅದೂ ಬೇರೆ ಕೀಟಗಳನ್ನು ತಿಂದೇ ಬದುಕುವುದು.

ಗುರುತು ಸಿಗಲೇ ಇಲ್ಲವಾದರೆ ಫೋಟೊ ತೆಗೆ, ಆದರೆ ಒಂದೇ ಫೋಟೊ ಸಾಲದು. ಬೆನ್ನು, ಪಕ್ಕ, ಮುಖ, ಕೂತ ಎಲೆ ಎಲ್ಲ ಬರಲಿ; ಅಳತೆ ತಿಳಿಯಲು ಪಕ್ಕದಲ್ಲೊಂದು ನಾಣ್ಯ ಇರಲಿ. ಕಾಲು ಆರೋ ಎಂಟೋ ಎಣಿಸು, ಎಂಟಾದರೆ ಅದು ಕೀಟವೇ ಅಲ್ಲ, ಜೇಡವೋ ನುಸಿಯೋ ಇರುತ್ತದೆ. ಜೇನಿನಂತೆ ಪಟ್ಟೆಯಿದ್ದೂ ರೆಕ್ಕೆ ಎರಡೇ ಇದ್ದರೆ ಅದು ಹೂನೊಣ, ಕುಟುಕಲಾರದು. ಐನ್ಯಾಚುರಲಿಸ್ಟ್‌ನಂಥ ಆ್ಯಪ್ ಕೇಳಬಹುದು, ಆದರೆ ಮರಿಗಳ ವಿಷಯದಲ್ಲಿ ಅದರ ಮೊದಲ ಉತ್ತರವನ್ನೇ ನಂಬಬೇಡ. ಖಚಿತವಾಗಿ ತಿಳಿಯಬೇಕಾದರೆ ಸಾಕಿ ನೋಡು: ಅಗಲ ಬಾಯಿಯ ಬಾಟಲಿಯಲ್ಲಿ ಹುಳವನ್ನು ಅದೇ ಗಿಡದ ಎಲೆ ಸಮೇತ ಇಡು, ಬಾಯಿಗೆ ತೆಳು ಬಟ್ಟೆ ಕಟ್ಟು, ದಿನಾ ಹೊಸ ಎಲೆ ಹಾಕಿ ಹಿಕ್ಕೆ ತೆಗೆ. ಚಿಟ್ಟೆ ಬರಬಹುದು, ಪತಂಗ ಬರಬಹುದು, ಒಂದು ಡಜನ್ ಪುಟ್ಟ ಕಣಜಗಳೂ ಬರಬಹುದು. ಬೆಳೆಗೇ ಕುತ್ತು ಬಂತೆನಿಸಿದರೆ ಆ ಬಾಟಲಿಯನ್ನೂ ಕೆಟ್ಟ ಎಲೆಯನ್ನೂ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸು. ಅಲ್ಲಿಯವರೆಗೆ ತಡೆಯಲಾರದೆ ಬೇವಿನೆಣ್ಣೆ ಹೊಡೆಯುವುದೇ ಆದರೆ ಸಂಜೆ, ಜೇನು ಗೂಡಿಗೆ ಮರಳಿದ ಮೇಲೆ, ಹುಳ ಹತ್ತಿದ ಕೊಂಬೆಗೆ ಮಾತ್ರ ಹೊಡೆ.